ಬದನೆಕಾಯಿ ಬಿಡಿಸಿದರೆ ಫಿಟ್ಸ್ ನಿಲ್ಲುತ್ತಾ?

ಸಂಪಾದಕರ ಉತ್ತರ

(ಜಗಳೂರು ತಾಲ್ಲೂಕಿನ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹತ್ತು ವರ್ಷದ ಮಗನಿಗೆ ಎರಡು ವರ್ಷದಿಂದ ಆಗಾಗ ಫಿಟ್ಸ್ ಬರುತ್ತಿದೆ. ಡಾಕ್ಟರು ಒಂದು ಮಾತ್ರೆ ಕೊಟ್ಟಿದ್ದಾರೆ. ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ನೆಂಟರಿಷ್ಟರ ಮಾತು ಕೇಳಿ ಬದನೆಕಾಯಿ, ಮೊಟ್ಟೆ, ಮೊಸರು, ಬಾಳೆಹಣ್ಣು ಬಿಡಿಸಿದ್ದಾರೆ. ಹುಡುಗ ಸೊರಗಿದ್ದಾನೆ. ಈಗ ಮೊಬೈಲಿನಲ್ಲಿ ಯಾರೋ, 'ಅನ್ನ, ಮುದ್ದೆ ಬಿಡಿಸಿ ಬೆಣ್ಣೆ, ತುಪ್ಪ ಕೊಡಿ, ಮಾತ್ರೆಯೇ ಬೇಡ' ಎಂದಿದ್ದನ್ನು ನೋಡಿದ್ದಾರೆ. ಹಾಗೆ ಮಾಡಬಹುದಾ, ಶಾಲೆಯಲ್ಲಿ ವಿಷಯ ಹೇಳಬೇಕಾ ಎಂದು ಕೇಳಿದ್ದಾರೆ. ಅವರ ಇಷ್ಟದಂತೆ ಹೆಸರು, ಊರು ಹಾಕಿಲ್ಲ.)

ತಾಯಿ,

ಮೊದಲು ಒಂದು ಮಾತು. ಮಾತ್ರೆ ನಿಲ್ಲಿಸಬೇಡಿ. ಉಳಿದದ್ದನ್ನೆಲ್ಲ ನಿಧಾನಕ್ಕೆ ಮಾತಾಡೋಣ. ದಿನಾ ತಗೊಳ್ಳುವ ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಹತೋಟಿಗೆ ಬಂದಿದ್ದೂ ಕೈ ಮೀರುತ್ತದೆ. ಕೆಲವರಿಗೆ ಒಂದರ ಹಿಂದೆ ಒಂದು ಬಂದು, ನಡುವೆ ಎಚ್ಚರವೇ ಆಗದೆ, ಜೀವಕ್ಕೆ ಕುತ್ತಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷ ಒಂದೂ ಫಿಟ್ಸ್ ಬರದಿದ್ದರೆ ಆಗ ಡಾಕ್ಟರೇ ಮಾತ್ರೆ ಇಳಿಸುವ ಯೋಚನೆ ಮಾಡುತ್ತಾರೆ. ಅದೂ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ. ಮೊಬೈಲಿನಲ್ಲಿ ಮಾತಾಡಿದವರು ನಿಮ್ಮ ಮಗನನ್ನು ನೋಡಿಲ್ಲ. ನಾನೂ ನೋಡಿಲ್ಲ, ಡಾಕ್ಟರೂ ಅಲ್ಲ. ಹಾಗಾಗಿ ನಾನು ಬರೆಯುವುದನ್ನು ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಅಂತಲೇ ಓದಿಕೊಳ್ಳಿ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೂರೂವರೆ ಪುಟ ಊಟದ್ದೇ. ನಡುವೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 'ಯುಗಾದಿ ದಿನ ಎಣ್ಣೆನೀರು ಹಾಕುವಾಗ ಬಂತು, ಆಮೇಲೆ ಒಂದು ಭಾನುವಾರ ತಲೆಗೆ ನೀರು ಹಾಕುವಾಗಲೂ ಬಂತು, ಹಿಂದಿನ ದಿನ ಬದನೆಕಾಯಿ ಎಣ್ಣೆಗಾಯಿ ತಿಂದಿದ್ದ.' ಬದನೆಕಾಯಿಯನ್ನು ಹಿಡಿದು ನಿಲ್ಲಿಸಿದ್ದೀರಿ. ಬಿಸಿನೀರನ್ನು ಬಿಟ್ಟುಬಿಟ್ಟಿದ್ದೀರಿ!

ಬಿಸಿನೀರಿನಿಂದ ಫಿಟ್ಸ್ ಬರುವುದು ನಿಜ. ಪ್ರಪಂಚದಲ್ಲಿ ಬೇರೆ ಕಡೆ ಅಪರೂಪ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಜಾಸ್ತಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನಾವು ಸ್ನಾನ ಮಾಡುವ ರೀತಿಯನ್ನೇ ನೋಡಿ. ಹಂಡೆ ಕಾಯಿಸಿ, ಹೊಗೆಯಾಡುವ ನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಯ ಮೇಲೆ ಸುರಿಯುತ್ತೇವೆ. ನೀರು ಸುಮಾರು 40ರಿಂದ 50 ಡಿಗ್ರಿ ಇರುತ್ತದೆ. ಇಂಥ ಗುಣ ಇರುವವರಿಗೆ ಆಗಲೇ ಕಣ್ಣು ಮಂಕಾಗುತ್ತದೆ, ಮಾತು ತೊದಲುತ್ತದೆ ಅಥವಾ ಸುಮ್ನೆ ಒಂದೇ ಕಡೆ ನೋಡುತ್ತಾ ಕೂರುತ್ತಾರೆ. ಕೆಲವರು ಬಿದ್ದು ಒದ್ದಾಡುತ್ತಾರೆ. ಇನ್ನು ಕೆಲವು ಮಕ್ಕಳಿಗೆ ಆ ಹೊತ್ತಿನಲ್ಲಿ ಏನೋ ಹಿತ ಅನ್ನಿಸಿ, 'ಇನ್ನೂ ಹಾಕು' ಅಂತ ತಾವೇ ಸುರಿದುಕೊಳ್ಳುವುದೂ ಇದೆ. ಗಂಡುಮಕ್ಕಳಲ್ಲಿ ಇದು ಜಾಸ್ತಿ.

ನಿಮ್ಮ ಮಗನಿಗೆ ಇರುವುದು ಇದೇ ಎಂದು ನಾನು ಹೇಳುತ್ತಿಲ್ಲ. ಮಲಗಿದ್ದಾಗಲೂ ಒಮ್ಮೆ ಬಂದಿದೆ ಎಂದು ಬರೆದಿದ್ದೀರಿ. ಬಿಸಿನೀರಿಗೆ ಬರುವವರಲ್ಲಿ ಕೆಲವರಿಗೆ ನೀರಿಲ್ಲದೆಯೂ ಬರುತ್ತದೆ. ಆದರೆ ಎಣ್ಣೆನೀರಿನ ಆ ಸಾಲನ್ನು ಡಾಕ್ಟರಿಗೆ ಹೇಳಲೇಬೇಕು. ಹೇಳಿದ್ದೀರಾ? ಪತ್ರ ನೋಡಿದರೆ ಹೇಳಿದ ಹಾಗೆ ಕಾಣುವುದಿಲ್ಲ. ಕೆಲವರಿಗೆ ಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮುಂಚೆ ತಗೊಳ್ಳಲು ಬೇರೆ ಮಾತ್ರೆ ಕೊಡುತ್ತಾರೆ. ಅದು ಬೇಕೋ ಬೇಡವೋ ಅವರು ನೋಡಲಿ. ಅಲ್ಲಿಯವರೆಗೆ ನೀರು ಉಗುರುಬೆಚ್ಚಗೆ ಸಾಕು. ತಲೆ ಮೇಲೆ ಸುರಿಯುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಚ್ಚಲಿನ ಅಗುಳಿ ಹಾಕಬಾರದು. 'ತಣ್ಣೀರಾದರೆ ಶೀತ ಆಗುತ್ತೆ' ಅಂತ ಅಜ್ಜಿ ಗದರಿದರೆ ನನ್ನ ಹೆಸರು ಹೇಳಿ.

ಇನ್ನು ಫಿಟ್ಸ್ ಅಂದರೆ ಏನು? ಮೆದುಳಿನ ಕೆಲಸವೆಲ್ಲ ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಲ್ಲಿ ನಡೆಯುತ್ತದೆ. ಒಂದಿಷ್ಟು ನರಕೋಶಗಳು ಇದ್ದಕ್ಕಿದ್ದಂತೆ ಒಟ್ಟಿಗೇ, ಅಳತೆ ಮೀರಿ ಸಂಕೇತ ಕೊಡಲು ಶುರು ಮಾಡಿದರೆ ಅದೇ ಫಿಟ್ಸ್. ಮೆದುಳಿನ ಯಾವ ಭಾಗದಲ್ಲಿ ಶುರುವಾಯಿತು ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದು ನಿಂತಿದೆ. ಒಬ್ಬರಿಗೆ ಇಡೀ ಮೈ ಸೆಟೆದು ನಡುಗುತ್ತದೆ. ಒಬ್ಬರಿಗೆ ಒಂದು ಕೈ ಮಾತ್ರ ಅದುರುತ್ತದೆ. ಕೆಲವು ಮಕ್ಕಳು ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ತೆರೆದೇ ಕಳೆದುಹೋಗುತ್ತಾರೆ. ಗಮನ ಇಲ್ಲ ಅಂತ ಮೇಷ್ಟ್ರಿಂದ ಬೈಸಿಕೊಳ್ಳುತ್ತಾರೆ. ಒಮ್ಮೆ ಫಿಟ್ಸ್ ಬಂದವರಿಗೆಲ್ಲ ಮೂರ್ಛೆರೋಗ ಇದೆ ಅಂತಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜೋರು ಜ್ವರದಲ್ಲಿ ಬರುತ್ತದೆ, ಹೆಚ್ಚಿನವರಿಗೆ ದೊಡ್ಡವರಾಗುತ್ತಾ ತಾನೇ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ತೀರಾ ಇಳಿದರೂ ಬರುತ್ತದೆ. ದಿನಾ ಕುಡಿಯುವವರು ಒಮ್ಮೆಗೇ ಕುಡಿತ ಬಿಟ್ಟಾಗಲೂ ಬರುತ್ತದೆ. ಇಂಥ ಯಾವ ತಕ್ಷಣದ ಕಾರಣವೂ ಇಲ್ಲದೆ ಮತ್ತೆ ಮತ್ತೆ ಬಂದರೆ ಅದನ್ನು ಮೂರ್ಛೆರೋಗ ಅನ್ನುತ್ತಾರೆ. ಹೆರಿಗೆಯಲ್ಲಿ ಮಗುವಿಗೆ ಉಸಿರು ಸಿಗದೇ ಹೋದದ್ದು, ತಲೆಗೆ ಪೆಟ್ಟು, ಮೆದುಳು ಜ್ವರ, ಕ್ಷಯದ ಗಂಟು, ಪಾರ್ಶ್ವವಾಯು, ಗೆಡ್ಡೆ, ವಂಶದ ಗುಣ ಹೀಗೆ ಕಾರಣ ಹಲವು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. 'ನಾನು ಬಸುರಿಯಲ್ಲಿ ಏನು ತಪ್ಪು ಮಾಡಿದೆನೋ' ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಬೇಜಾರಾಯಿತು. ನೀವು ಹಬ್ಬದಲ್ಲಿ ಏನು ತಿಂದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಊಟಕ್ಕೆ ಬರೋಣ. ಬದನೆಕಾಯಿ, ಮೊಟ್ಟೆ, ಮೊಸರು, ಬಾಳೆಹಣ್ಣು, ಇವುಗಳಿಂದ ಫಿಟ್ಸ್ ಬರುವುದಿಲ್ಲ. ನಂಜು, ಶೀತ, ವಾಯು ಅಂತ ಹೇಳಿ ಒಂದೊಂದಾಗಿ ಕಿತ್ತುಕೊಂಡಿದ್ದಾರೆ. ಫಿಟ್ಸ್ ಬರುವುದಕ್ಕೂ ಹಿಂದಿನ ದಿನದ ಊಟಕ್ಕೂ ಗಂಟು ಹಾಕುವುದು ಸುಲಭ, ಯಾಕೆಂದರೆ ಹಿಂದಿನ ದಿನ ಏನಾದರೂ ತಿಂದೇ ಇರುತ್ತೇವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ನಷ್ಟ ಮಾತ್ರ ನಿಜವಾದದ್ದು. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ತರಹದ ಫಿಟ್ಸ್ ಮಾತ್ರೆಗಳು ಬಹಳ ಕಾಲ ತಗೊಂಡರೆ ಮೈಯಲ್ಲಿ ವಿಟಮಿನ್ ಡಿ ಕಮ್ಮಿ ಮಾಡುತ್ತವೆ, ಮೂಳೆ ಸವೆಯುತ್ತದೆ. ಅಂಥ ಮಾತ್ರೆ ತಗೊಳ್ಳುವ, ಬೆಳೆಯುವ ಹುಡುಗನಿಗೆ ಮೊಟ್ಟೆ, ಮೊಸರು ಬಿಡಿಸಿದರೆ ಹೇಗೆ? ಇವತ್ತಿನಿಂದಲೇ ಕೊಡಿ. ಬದನೆಕಾಯಿ ಅವನಿಗೆ ಇಷ್ಟವಿದ್ದರೆ ಅದನ್ನೂ.

ಹಾಗಾದರೆ ಊಟದಿಂದ ಫಿಟ್ಸ್ ಬರುವುದೇ ಇಲ್ಲವಾ? ಬರುತ್ತದೆ, ಆದರೆ ನೀವು ಹುಡುಕಿದ ದಾರಿಯಲ್ಲಿ ಅಲ್ಲ. ಒಂದು ದಾರಿ ಲಾಡಿಹುಳುವಿನದು. ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಹೊಟ್ಟೆಯಲ್ಲಿ ಈ ಹುಳು ಬೆಳೆಯುತ್ತದೆ. ಅವರು ಬಯಲಿಗೆ ಹೋದರೆ ಮಲದಲ್ಲಿ ಇರುವ ಮೊಟ್ಟೆಗಳು ಮಣ್ಣು, ನೀರು, ಸೊಪ್ಪು ಸೇರುತ್ತವೆ. ತೊಳೆಯದ ಕೊತ್ತಂಬರಿ, ಗಜ್ಜರಿ, ಮೂಲಂಗಿ ಮೂಲಕ, ಅಥವಾ ಕೈ ತೊಳೆಯದೆ ಬಡಿಸಿದವರ ಮೂಲಕ ಆ ಮೊಟ್ಟೆ ನಮ್ಮ ಹೊಟ್ಟೆಗೆ ಹೋದರೆ ಮರಿಗಳು ರಕ್ತ ಸೇರಿ ಮೆದುಳಲ್ಲಿ ಗೂಡು ಕಟ್ಟುತ್ತವೆ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಸ್ಕ್ಯಾನ್ ನೋಡಿ ಡಾಕ್ಟರು ಹೀಗಂದರೆ, 'ನಾವು ಮಾಂಸ ಮುಟ್ಟುವವರೇ ಅಲ್ಲ' ಎಂದು ಜನ ಜಗಳಕ್ಕೆ ಬರುತ್ತಾರೆ. ಮುಟ್ಟಬೇಕಾಗಿಯೇ ಇಲ್ಲ. ಎಲೆಕೋಸು ತಿಂದರೆ ತಲೆಗೆ ಹುಳು ಏರುತ್ತದೆ ಎಂಬ ಮಾತು ಹುಟ್ಟಿದ್ದೂ ಬಹುಶಃ ಇದರಿಂದಲೇ. ಕೋಸಿನದೇನೂ ತಪ್ಪಿಲ್ಲ. ಹಸಿಯಾಗಿ ತಿನ್ನುವುದನ್ನು ಚೆನ್ನಾಗಿ ತೊಳೆಯಿರಿ, ಕೈಗೆ ಸೋಪು ಹಚ್ಚಿ.

ಇನ್ನೊಂದು ಅಡುಗೆಮನೆಯದಲ್ಲ, ದೇವರ ಮನೆಯದು. ಕರ್ಪೂರ. ಸಣ್ಣ ಮಕ್ಕಳು ಕಲ್ಲುಸಕ್ಕರೆ ಅಂದುಕೊಂಡು ನುಂಗಿದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಅಷ್ಟೇ. ಫಿಟ್ಸ್ ಇರುವವರಿಗೆ ಶೀತಕ್ಕೆಂದು ಕರ್ಪೂರ ಬೆರೆಸಿದ ಎಣ್ಣೆ ಹಚ್ಚುವುದು, ಮುಲಾಮು ಹಾಕಿ ಹಬೆ ಹಿಡಿಯುವುದು ಬೇಡ. ನಿಮ್ಮ ಮನೆಯಲ್ಲಿ ಎಣ್ಣೆನೀರಿನ ಎಣ್ಣೆಗೆ ಕರ್ಪೂರ ಹಾಕುತ್ತೀರಾ? ಹಾಕುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಈಗ ಆ ಬೆಣ್ಣೆ, ತುಪ್ಪದ ವಿಷಯ. ಮೊಬೈಲಿನಲ್ಲಿ ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ, ಅದೇ ತೊಂದರೆ. ಅನ್ನ, ಮುದ್ದೆ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಈ ಕೀಟೋ ಆಹಾರ ಎಂಬುದು ತೂಕ ಇಳಿಸುವವರಿಗಾಗಿ ಹುಟ್ಟಿದ್ದಲ್ಲ, ಫಿಟ್ಸ್‌ಗಾಗಿಯೇ ಹುಟ್ಟಿದ್ದು. ಉಪವಾಸ ಇದ್ದಾಗ ಕೆಲವರಿಗೆ ಫಿಟ್ಸ್ ನಿಲ್ಲುವುದನ್ನು ಜನ ಹಿಂದಿನಿಂದಲೂ ನೋಡಿದ್ದರು. ಉಪವಾಸದಲ್ಲಿ ಮೈ ಸಕ್ಕರೆ ಬಿಟ್ಟು ಕೊಬ್ಬು ಉರಿಸುತ್ತದೆ, ಆಗ ಕೀಟೋನ್ ಎಂಬ ವಸ್ತು ತಯಾರಾಗುತ್ತದೆ, ಮೆದುಳು ಅದರಿಂದ ನಡೆಯುತ್ತದೆ. ಉಪವಾಸವಿಲ್ಲದೆ ಇದೇ ಸ್ಥಿತಿ ತರಬಹುದಾ ಎಂದು ಯೋಚಿಸಿ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಊಟವನ್ನು ಮುಂದಿಟ್ಟರು. 1938ರಲ್ಲಿ ಫೆನಿಟಾಯಿನ್ ಬಂದ ಮೇಲೆ, ಮಾತ್ರೆ ನುಂಗುವುದು ಸುಲಭ ಅಲ್ವಾ, ಇದು ಮೂಲೆ ಸೇರಿತು. 1990ರ ದಶಕದಲ್ಲಿ ಮತ್ತೆ ಚಾಲ್ತಿಗೆ ಬಂತು.

ಇದು ಯಾರಿಗೆ? ಸರಿಯಾದ ಎರಡು ಮಾತ್ರೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ಬಗ್ಗದ ಮಕ್ಕಳಿಗೆ. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಫಿಟ್ಸ್ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಕಡಿಮೆ ಸಾಧನೆಯಲ್ಲ. ಸಕ್ಕರೆ ಮೆದುಳಿಗೆ ಸರಿಯಾಗಿ ತಲುಪದ ಒಂದು ಹುಟ್ಟು ಕಾಯಿಲೆ ಇದೆ. ಅದಕ್ಕಂತೂ ಇದೇ ಮೊದಲ ಮದ್ದು. ಆದರೆ ನಿಮ್ಮ ಮಗ ಇನ್ನೂ ಒಂದೇ ಮಾತ್ರೆಯಲ್ಲಿದ್ದಾನೆ, ಅದರಲ್ಲೂ ಗುಣ ಕಂಡಿದೆ. ಅವನಿಗೆ ಈ ಪ್ರಶ್ನೆ ಸದ್ಯಕ್ಕೆ ಬಂದೇ ಇಲ್ಲ.

ಇದನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಲೂ ಬರುವುದಿಲ್ಲ. ಹಳೆಯ ಕ್ರಮದಲ್ಲಿ 4 ಗ್ರಾಂ ಕೊಬ್ಬಿಗೆ ಪಿಷ್ಟ, ಪ್ರೋಟೀನ್ ಎರಡೂ ಸೇರಿ 1 ಗ್ರಾಂ. ಅಂದರೆ ಊಟದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಕೊಬ್ಬಿನಿಂದಲೇ ಬರಬೇಕು. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಬೇಕು. ಸ್ವಲ್ಪ ಸಡಿಲವಾದ ಇನ್ನೊಂದು ಕ್ರಮ ಇದೆ, ಮಾಡಿಫೈಡ್ ಆಟ್ಕಿನ್ಸ್ ಅನ್ನುತ್ತಾರೆ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ನಮ್ಮ ದೇಶದ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡಿದ್ದಾರೆ. ಅದರಲ್ಲೂ ದಿನಕ್ಕೆ ಪಿಷ್ಟ 10ರಿಂದ 20 ಗ್ರಾಂ ಮಾತ್ರ. ನೂರು ಗ್ರಾಂ ರಾಗಿಹಿಟ್ಟಿನಲ್ಲೇ ಪಿಷ್ಟ 70 ಗ್ರಾಂ ಹತ್ತಿರ ಇದೆ. ಅಷ್ಟು ಹಿಟ್ಟಿನ ಒಂದು ಮುದ್ದೆ ತಿಂದರೆ ಮೂರು ದಿನದ ಲೆಕ್ಕವಾದರೂ ಮುಗಿಯಿತು. ದಾವಣಗೆರೆಯಲ್ಲಿ ಕೂತು ಬರೆಯುತ್ತಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೆಣ್ಣೆ ಎಷ್ಟೇ ಹಾಕಿದರೂ ಬೆಣ್ಣೆದೋಸೆ ಕೀಟೋ ಆಗುವುದಿಲ್ಲ. ಹಿಟ್ಟು ಅಕ್ಕಿಯದು, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಮಂಡಕ್ಕಿಯ ಮಾತೇ ಬೇಡ. ಸಿಹಿ ಸಿರಪ್ ರೂಪದ ಔಷಧಿಯಿಂದಲೂ ಲೆಕ್ಕ ತಪ್ಪುತ್ತದೆ. ಮಲಬದ್ಧತೆ, ವಾಂತಿ, ಕಿಡ್ನಿಯಲ್ಲಿ ಕಲ್ಲು, ರಕ್ತದಲ್ಲಿ ಕೊಬ್ಬು, ಬೆಳವಣಿಗೆ ಕುಂಠಿತ, ಇವೆಲ್ಲ ಇದರ ಜೊತೆ ಬರಬಹುದು. ಕೊಬ್ಬನ್ನು ಅರಗಿಸಲಾಗದ ಕೆಲವು ಹುಟ್ಟು ತೊಂದರೆಗಳಿವೆ. ಅವಿದ್ದರೆ ಈ ಊಟ ಪ್ರಾಣಕ್ಕೇ ಅಪಾಯ. ಅದಕ್ಕೇ ಮೊದಲು ರಕ್ತ ಪರೀಕ್ಷೆ, ಆಮೇಲೆ ನರರೋಗ ತಜ್ಞರು, ಆಹಾರ ತಜ್ಞರು ಇಬ್ಬರ ಉಸ್ತುವಾರಿಯಲ್ಲಿ ಶುರು. ಆಗಲೂ ಮಾತ್ರೆ ಕೂಡಲೇ ನಿಲ್ಲಿಸುವುದಿಲ್ಲ.

ನಿಮ್ಮ ಮಗನಿಗೆ ನಿಜವಾಗಿ ಬೇಕಾದ್ದು ಹೊತ್ತು ಹೊತ್ತಿಗೆ ಸರಿಯಾಗಿ ಊಟ. ಹೊಟ್ಟೆ ಖಾಲಿ ಬಿಡಬೇಡಿ. ಅದಕ್ಕಿಂತ ಮುಖ್ಯ ನಿದ್ದೆ. ನಾಯಕನಹಟ್ಟಿ ತೇರಿಗೆ ಹೋಗಿ ರಾತ್ರಿಯೆಲ್ಲ ಎದ್ದಿದ್ದು, ಬಂದ ಮರುದಿನ ಫಿಟ್ಸ್ ಬಂತು ಎಂದು ಬರೆದಿದ್ದೀರಿ. ಅಲ್ಲಿ ತಿಂದ ಮಿಠಾಯಿಯನ್ನು ದೂರಬೇಡಿ. ಆ ಎರಡು ದಿನ ಮಾತ್ರೆ ತಗೊಂಡು ಹೋಗಿದ್ದಿರಾ? ಮಾತ್ರೆ ತಪ್ಪಿದ್ದು, ನಿದ್ದೆಗೆಟ್ಟಿದ್ದು, ಎರಡೂ ಸೇರಿದರೆ ಬೇರೆ ಕಾರಣವೇ ಬೇಡ. ತೇರಿಗೆ ಹೋಗಲಿ, ಮಾತ್ರೆ ಜೇಬಿನಲ್ಲಿರಲಿ, ರಾತ್ರಿ ಮಲಗಲಿ. ಬಾವಿ, ಕೃಷಿಹೊಂಡದಲ್ಲಿ ಈಜು ಮಾತ್ರ ಸದ್ಯಕ್ಕೆ ಬೇಡ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಮೊದಲು ಯಾವ ಕೈ ಅದುರಿತು, ಸ್ನಾನ ಮಾಡುತ್ತಿದ್ದನಾ, ಮಾತ್ರೆ ತಪ್ಪಿತ್ತಾ, ಇಷ್ಟು ಬರೆದಿರಲಿ. ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಅದು ಹತ್ತು ಮಾತಿಗಿಂತ ಉಪಯೋಗ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ, ಸರಿ ಬಂತು ಎಂದು ಬರೆದಿದ್ದೀರಿ. ಇಇಜಿ ಸರಿ ಇದ್ದರೂ ಮೂರ್ಛೆರೋಗ ಇರಬಹುದು, ಅದಕ್ಕೇ ನೀವು ಕಣ್ಣಾರೆ ಕಂಡದ್ದನ್ನು ಹೇಳುವುದು ಮುಖ್ಯ.

ಶಾಲೆಯಲ್ಲಿ ಹೇಳಬೇಕಾ ಎಂದು ಕೇಳಿದ್ದೀರಿ. ಹೇಳಿ. ಮುಚ್ಚಿಟ್ಟರೆ ತರಗತಿಯಲ್ಲಿ ಬಂದ ದಿನ ಯಾರೋ ಕೈಗೆ ಕಬ್ಬಿಣದ ಕೀಲಿಕೈ ತುರುಕುತ್ತಾರೆ, ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಹೆಸರು ಕೀಲಿಕೈಗೆ ಬರುತ್ತದೆ. ಮೇಷ್ಟ್ರಿಗೆ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಡಿ. ಬಿದ್ದರೆ ಸುತ್ತ ಇರುವ ಬೆಂಚು, ಚೂಪಾದ ವಸ್ತು ಸರಿಸಿ. ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಅದುರುವುದು ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮುನ್ನ ಇನ್ನೊಂದು ಶುರುವಾದರೆ, 108ಕ್ಕೆ ಫೋನ್ ಮಾಡಿ. ಕೆಳಗೆ ಮಾತ್ರೆಯ ಹೆಸರು, ನಿಮ್ಮ ಫೋನ್ ನಂಬರು ಬರೆದಿರಲಿ.