ಜೆಜೂನ್ ಎಂದರೆ ಎಳಸೋ, ಜೊಳ್ಳೋ?

ಪ್ರಶ್ನೆ: ಇಂಗ್ಲಿಷಿನ ‘ಜೆಜೂನ್’ ಎಂಬ ವಿಶೇಷಣಕ್ಕೆ ಬಾಲಿಶ ಎಂಬ ಅರ್ಥ ನೋಡಿದೆ. ‘ಎಳೆಯ’ ಎನ್ನುವ ಫ್ರೆಂಚ್ ಪದದಿಂದ ಬಂದದ್ದಲ್ಲವೇ?

ಅಲ್ಲ. ಎಷ್ಟು ಸಲ ಅಲ್ಲವೆಂದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಬಾರಿ ಬಿಡಿಸಿಯೇ ಹೇಳುತ್ತೇನೆ. ಮೂಲ ಲ್ಯಾಟಿನ್ನಿನ ‘ಯೇಯೂನುಸ್’. ಅಂದರೆ ಉಪವಾಸವಿರುವ, ಬರಿಹೊಟ್ಟೆಯ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಆ ಅರ್ಥವೂ ಜೊತೆಗಿತ್ತು. ಸಾರವಿಲ್ಲದ ನೆಲಕ್ಕೂ ಸತ್ವವಿಲ್ಲದ ಬರಹಕ್ಕೂ ಅದೇ ಪದ ಅಂಟಿಕೊಂಡಿತು. ಕನ್ನಡದಲ್ಲಿ ಜೊಳ್ಳು ಎಂದರೆ ಮುಗಿಯಿತು.

ಸಣ್ಣ ಕರುಳಿನ ನಡುಭಾಗಕ್ಕೆ ‘ಜೆಜೂನಮ್’ ಎನ್ನುವುದೂ ಇದೇ ಕಾರಣಕ್ಕೆ. ಹೆಣ ಕೊಯ್ದು ನೋಡಿದಾಗ ಆ ಭಾಗ ಸಾಮಾನ್ಯವಾಗಿ ಬರಿದಾಗಿರುತ್ತಿತ್ತು. ಗ್ರೀಕರು ಅದನ್ನು ‘ಉಪವಾಸಿ’ ಎಂದು ಕರೆದರು, ಲ್ಯಾಟಿನ್ನಿನವರು ಅದನ್ನೇ ತಮ್ಮ ಮಾತಿಗೆ ತಂದುಕೊಂಡರು. ತಮಾಷೆಯೆಂದರೆ ‘ಡಿನ್ನರ್’ ಕೂಡ ಇದೇ ಬೇರಿನದು: ಉಪವಾಸ ಮುರಿಯುವುದು ಎಂಬ ಲ್ಯಾಟಿನ್ ಕ್ರಿಯಾಪದ ಫ್ರೆಂಚಿನಲ್ಲಿ ಸವೆದು ಸವೆದು ಹಾಗಾಯಿತು.

ಬಾಲಿಶ ಎಂಬ ಅರ್ಥ ಬಂದದ್ದು ಕಿವಿಯ ತಪ್ಪಿನಿಂದ. ‘ಜುವೆನೈಲ್’, ‘ಜೂನಿಯರ್’ ಹುಟ್ಟಿದ್ದು ಲ್ಯಾಟಿನ್ನಿನ ‘ಯುವೆನಿಸ್’ನಿಂದ, ಅದು ನಮ್ಮ ‘ಯುವ’ದ ನೆಂಟ. ಜೆಜೂನ್ ಆ ಮನೆಯದಲ್ಲ, ದನಿಯಷ್ಟೇ ಹೋಲುತ್ತದೆ. ಫ್ರೆಂಚಿನಲ್ಲಂತೂ ‘ಎಳೆಯ’ ಮತ್ತು ‘ಉಪವಾಸ’ ಎಂಬೆರಡು ಪದಗಳ ಅಕ್ಷರಗಳೂ ಒಂದೇ. ಉಪವಾಸದ ಒಂದು ಸ್ವರದ ಮೇಲೆ ಟೋಪಿಯಂಥ ಗುರುತೊಂದು ಹೆಚ್ಚು, ಅಷ್ಟೇ. ಎಡವಲು ಇನ್ನೇನು ಬೇಕು?

ಈಗ ನಿಘಂಟುಗಳು ಬಾಲಿಶ ಎಂಬ ಅರ್ಥವನ್ನೂ ಕೊಡುತ್ತವೆ, ಆದ್ದರಿಂದ ಅದನ್ನು ತಪ್ಪೆನ್ನಲಾರೆ. ಆದರೆ ನಾನು ಬಳಸುವುದಿಲ್ಲ. ಯಾರದೋ ಲೇಖನವನ್ನು ಜೆಜೂನ್ ಎಂದರೆ ಅದು ಎಳಸೋ ಸಪ್ಪೆಯೋ ಎಂದು ಓದುವವರು ತಲೆ ಕೆರೆದುಕೊಳ್ಳಬೇಕು. ಎರಡಕ್ಕೂ ಬೇರೆ ಬೇರೆ ಸರಳ ಪದಗಳಿವೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಪಾಂಡಿತ್ಯ ತೋರಿಸಲೆಂದು ಇದನ್ನು ತುರುಕುವ ಹುಮ್ಮಸ್ಸಿದ್ದರೆ ದಯವಿಟ್ಟು ತಡೆದುಕೊಳ್ಳಿ.

ಪ್ರಶ್ನೆ: ಜೆಜೂನಮ್ ನಮ್ಮ ‘ಜೀರ್ಣ’ದಿಂದಲೇ ಹುಟ್ಟಿತೆಂದು ಒಂದು ವಿಡಿಯೊದಲ್ಲಿ ಕೇಳಿದೆ.

ಕೇಳಿದ್ದನ್ನು ಅಲ್ಲೇ ಬಿಟ್ಟುಬಿಡಿ. ಎರಡು ಪದಗಳನ್ನು ಅಕ್ಕಪಕ್ಕ ನಿಲ್ಲಿಸಿ ‘ನೋಡಿ, ಒಂದೇ ಥರ ಇವೆ’ ಎನ್ನುವವರು ವ್ಯುತ್ಪತ್ತಿ ಹೇಳುತ್ತಿಲ್ಲ, ಕಣಿ ಹೇಳುತ್ತಿದ್ದಾರೆ. ಹಳೆಯ ಬಳಕೆ ಎಲ್ಲಿದೆ, ಧ್ವನಿ ಯಾವ ನಿಯಮದಂತೆ ಬದಲಾಯಿತು ಎಂದು ಕೇಳಿ ನೋಡಿ, ವಿಷಯ ಬದಲಿಸುತ್ತಾರೆ.

ಪ್ರಶ್ನೆ: ಸಿರಿವಂತ ಠೀವಿಗೆ ಹೇಳುವ ‘ಪಾಶ್’ ಹಡಗಿನ ಟಿಕೆಟ್ಟಿನ ಮೇಲಿದ್ದ ನಾಲ್ಕು ಪದಗಳ ಮೊದಲಕ್ಷರಗಳಿಂದ ಬಂತಂತೆ, ನಿಜವೇ?

ಅಂಥ ಟಿಕೆಟ್ ಈವರೆಗೆ ಒಂದೂ ಸಿಕ್ಕಿಲ್ಲ.

ಪ್ರಶ್ನೆ: ಅಗ್ಗದ ಥಳಕಿಗೆ ಹೇಳುವ ‘ಟಾಡ್ರಿ’ ಒಬ್ಬ ಸಂತಳ ಹೆಸರಿನಿಂದ ಬಂತೆನ್ನುವುದೂ ಕಟ್ಟುಕಥೆಯೇ?

ಇದು ನಿಜ. ಇಂಗ್ಲೆಂಡಿನ ಈಲಿಯ ಸಂತ ಆಡ್ರಿಯ ಜಾತ್ರೆಯಲ್ಲಿ ಮಾರುತ್ತಿದ್ದ ಕೊರಳಪಟ್ಟಿಗೆ ಅವಳ ಹೆಸರಿತ್ತು. ‘ಸೇಂಟ್’ನ ಕೊನೆಯ ‘ಟ’ಕಾರ ಮುಂದಿನ ಪದಕ್ಕೆ ಅಂಟಿ ಟಾಡ್ರಿ ಆಯಿತು.