ಕಬ್ಬಿನ ಎಲೆಗೆ ಮಚ್ಚೆ: ಔಷಧಿ ಬಿಡಿ, ಬೀಜ ನೋಡಿ

ಪ್ರಶ್ನೆ: ನಮ್ಮದು ಹತ್ತು ಗುಂಟೆ ಕಬ್ಬು, ಮನೆಮಟ್ಟಿನ ಆಲೆಮನೆಗೆ. ಈ ಸಲ ಎಳೆ ಎಲೆಗಳಲ್ಲಿ ತಿಳಿಹಸಿರು ಮಚ್ಚೆ ಬಂದಿದೆ. ಯೂರಿಯಾ ಹಾಕಿದೆ, ಅಂಗಡಿಯವರು ಕೊಟ್ಟ ಔಷಧಿ ಹೊಡೆದೆ. ಹೋಗಲಿಲ್ಲ. ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಇನ್ನು ಔಷಧಿಗೆ ದುಡ್ಡು ಹಾಕಬೇಡಿ ಮಾರಾಯ್ರೇ. ಇದು ಮೊಸಾಯಿಕ್ ಎಂಬ ನಂಜುರೋಗದ (ವೈರಸ್ ರೋಗದ) ಹಾಗೆ ಕಾಣುತ್ತದೆ. ಸುಳಿಯ ಪಕ್ಕದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕಬ್ಬಿಣದ ಕೊರತೆಯಾದರೆ ನರಗಳ ನಡುವೆ ಉದ್ದಕ್ಕೂ ನೇರ ಗೆರೆ ಇರುತ್ತದೆ. ಮೊಸಾಯಿಕ್ ಆದರೆ ಗೆರೆ ತುಂಡು ತುಂಡು, ಎಲೆಯ ಬುಡದಲ್ಲಿ ಹೆಚ್ಚು ಸ್ಪಷ್ಟ. ಸಾರಜನಕದ ಕೊರತೆ ಕೆಳಗಿನ ಹಳೆ ಎಲೆಯಿಂದ ಶುರುವಾಗುತ್ತದೆ. ಹಾಗಾಗಿ ಯೂರಿಯಾ ಸುಮ್ನೆ ಖರ್ಚು.

ಜಾವಾದಲ್ಲಿ 1892ರಲ್ಲೇ ಈ ರೋಗವನ್ನು ಗುರುತಿಸಿದ್ದರು. ಇದನ್ನು ದಾಟಿಸುವುದು ಗಿಡದ ರಸ ಹೀರುವ ಸಸ್ಯಹೇನು ಅಂತ ಗೊತ್ತಾಗಿದ್ದು 1920ರಲ್ಲಿ. ರೋಗದ ಎಲೆ ಚುಚ್ಚಿದ ಹೇನು ಕೆಲವೇ ಸೆಕೆಂಡಿನಲ್ಲಿ ನಂಜು ಹತ್ತಿಸಿಕೊಳ್ಳುತ್ತದೆ, ಅಷ್ಟೇ ಬೇಗ ಪಕ್ಕದ ಗಿಡಕ್ಕೆ ಕೊಡುತ್ತದೆ. ಔಷಧಿ ತಾಗಿ ಅದು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಹೇನಿಗಿಂತ ಜಾಸ್ತಿ ದೂರ ಸಾಗಿಸುವವರು ನಾವೇ. ಆಲೆಮನೆ ಮುಗಿದ ಮೇಲೆ ನೆಂಟರಿಗೆ ಜೋನಿಬೆಲ್ಲದ ಜೊತೆ ಬೀಜದ ಕಬ್ಬನ್ನೂ (ನೆಡುವ ತುಂಡು) ಕಟ್ಟಿಕೊಡುತ್ತೇವೆ ಅಲ್ವಾ? ತುಂಡಿನೊಳಗೆ ನಂಜೂ ಹೋಗುತ್ತದೆ. ಮಚ್ಚೆ ಕಂಡ ವರ್ಷ ನಾನು ಬೆಲ್ಲ ಕೊಡುತ್ತೇನೆ, ಬೀಜ ಕೊಡುವುದಿಲ್ಲ. ಮನೆಯಲ್ಲಿ ಜಿಪುಣಿ ಅನ್ನುತ್ತಾರೆ, ಅನ್ನಲಿ.

ಕೂಳೆ ಬೇಡ, ಅದರಲ್ಲಿ ರೋಗ ಮತ್ತೆ ಚಿಗುರುತ್ತದೆ. ನಾಲ್ಕಾರು ಬುಡಕ್ಕೆ ಮಾತ್ರ ಬಂದಿದ್ದರೆ ಬೇರು ಸಮೇತ ಕೀಳಿ. ಗದ್ದೆ ತುಂಬ ಇದ್ದರೆ ಗಾಣಕ್ಕೆ ಹಾಕಿ ಮುಗಿಸಿ, ಬುಡ ಅಗೆಯಿರಿ. ಹೊಸ ಬೀಜ ತರುವ ಗದ್ದೆಗೆ ಕಬ್ಬು ಎಳೆಯದಾಗಿದ್ದಾಗಲೇ ಹೋಗಿ ಬನ್ನಿ. ಬೆಳೆದ ಮೇಲೆ ಮಚ್ಚೆ ಮಸುಕಾಗುತ್ತದೆ, ಕಡಿಯುವ ದಿನ ಎಲ್ಲ ಕಬ್ಬೂ ಚಂದವೇ. 50 ಡಿಗ್ರಿ ಬಿಸಿನೀರಲ್ಲಿ 2 ತಾಸು ಅದ್ದುವ ಉಪಾಯ ಹೇಳುವವರಿದ್ದಾರೆ. ಅದು ಕಬ್ಬು ಹುಲ್ಲಿನ ಹಾಗೆ ಪೊದೆಯಾಗುವ ರೋಗಕ್ಕೆ ಸರಿ, ಮೊಸಾಯಿಕ್‌ಗೆ ನಂಬುವಂಥದ್ದಲ್ಲ. ಪರೀಕ್ಷೆ ಮಾಡಿ ಕೊಟ್ಟ ಟಿಶ್ಯೂ ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿದ) ಸಸಿ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ನಂಜುರೋಗದ ಕಬ್ಬಿನ ಹಾಲು (ರಸ) ಮಕ್ಕಳಿಗೆ ಕೊಡಬಹುದಾ?
— ಓದುಗರೊಬ್ಬರು, ಕುಮಟಾ

ಉತ್ತರ: ಧಾರಾಳವಾಗಿ ಕೊಡಿ, ತೊಡೆದೇವನ್ನೂ ಮಾಡಿ. ಗಿಡದ ನಂಜು ಮನುಷ್ಯರಿಗೆ ಹತ್ತುವುದಿಲ್ಲ. ಪೇಟೆಯಲ್ಲಿ ಕುಡಿಯುವುದಾದರೆ ಗ್ಲಾಸು ತೊಳೆಯುವ ನೀರನ್ನೂ ಐಸನ್ನೂ ಒಮ್ಮೆ ನೋಡಿಕೊಳ್ಳಿ.