ಎನ್ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅವರ ಚಿತ್ರಗಳಲ್ಲಿ ಮನೆ ಮತ್ತು ನೆನಪು ಹೇಗೆ ಮೂಡುತ್ತವೆ?
ಈ ಕಲಾವಿದೆಯ ಏಕವ್ಯಕ್ತಿ ಪ್ರದರ್ಶನಗಳು ಮನೆ ಮತ್ತು ನೆನಪನ್ನು ಕುರಿತವು ಎನ್ನುತ್ತಾರಲ್ಲ, ಅದು ಚಿತ್ರದಲ್ಲಿ ಕಾಣುವುದು ಹೇಗೆ ಎಂಬುದು ಪ್ರಶ್ನೆ. ಉತ್ತರವಿರುವುದು ಚಿತ್ರದ ವಸ್ತುವಿಗಿಂತ ಹೆಚ್ಚಾಗಿ ಅದನ್ನು ಕಟ್ಟುವ ವಿಧಾನದಲ್ಲಿ ಎಂದು ನನ್ನ ಅಭಿಪ್ರಾಯ.

1983ರಲ್ಲಿ ನೈಜೀರಿಯಾದ ಎನುಗುವಿನಲ್ಲಿ ಹುಟ್ಟಿದ ಅವರು 1999ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು. ದೊಡ್ಡ ಕಾಗದದ ಮೇಲೆ ಅವರು ಬಿಡಿಸುವುದು ಸಾಮಾನ್ಯವಾಗಿ ಮನೆಯ ಒಳಾಂಗಣವನ್ನೇ: ಸೋಫಾ, ಮೇಜು, ಹಾಸಿಗೆ, ಅಲ್ಲಿ ಸುಮ್ಮನೆ ಕುಳಿತ ಒಬ್ಬಿಬ್ಬರು. ಆದರೆ ಹತ್ತಿರ ಹೋಗಿ ನೋಡಿದರೆ ಗೋಡೆ, ನೆಲ, ಉಡುಪುಗಳ ಒಳಗಿನಿಂದ ನೂರಾರು ಸಣ್ಣ ಮುಖಗಳು ಮೇಲೇಳುತ್ತವೆ. ಆ ಮುಖಗಳು ಮೂಡುವುದು ಹೀಗೆ: ಕುಟುಂಬದ ಫೋಟೋಗಳನ್ನೂ ನೈಜೀರಿಯಾದ ನಿಯತಕಾಲಿಕೆಗಳ ಚಿತ್ರಗಳನ್ನೂ ಮುದ್ರಿಸಿಕೊಂಡು, ಆ ಪ್ರತಿಯನ್ನು ಮಗುಚಿಟ್ಟು, ಹಿಂಬದಿಗೆ ಅಸಿಟೋನ್ ಎಂಬ ದ್ರಾವಕವನ್ನು ಸವರಿ ಉಜ್ಜಿದಾಗ ಶಾಯಿ ಕರಗಿ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಹೀಗೆ ಇಳಿದ ಚಿತ್ರ ಮೂಲದಷ್ಟು ಸ್ಪಷ್ಟವಾಗಿರುವುದಿಲ್ಲ. ಎಡಬಲ ಅದಲುಬದಲಾಗಿ, ಅಲ್ಲಲ್ಲಿ ಮಾಸಿರುತ್ತದೆ. ನಮ್ಮ ನೆನಪು ಉಳಿಯುವ ರೀತಿಯೂ ಬಹುಮಟ್ಟಿಗೆ ಇದೇ ಅಲ್ಲವೇ?

ಅವರ ತಾಯಿ ಡೋರಾ ಅಕುನ್ಯಿಲಿ ನಕಲಿ ಔಷಧಗಳ ವಿರುದ್ಧ ಹೋರಾಡಿದ ಅಧಿಕಾರಿಯಾಗಿದ್ದು, 2014ರಲ್ಲಿ ತೀರಿಕೊಂಡರು. ತಾಯಿಯ ಭಾವಚಿತ್ರವನ್ನು ಅಚ್ಚೊತ್ತಿದ ಬಟ್ಟೆಯೂ ಈ ಕೃತಿಗಳಲ್ಲಿ ಸೇರಿಕೊಂಡಿದೆ. 2016ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮಿರೋ ಗ್ಯಾಲರಿಯಲ್ಲಿ ನಡೆದ ಅವರ ಏಕವ್ಯಕ್ತಿ ಪ್ರದರ್ಶನಕ್ಕೆ ‘ಪೋರ್ಟಲ್ಸ್’, ಅಂದರೆ ದ್ವಾರಗಳು, ಎಂಬ ಹೆಸರಿತ್ತು. ಅವರ ಚಿತ್ರಗಳಲ್ಲಿನ ಬಾಗಿಲು, ಕಿಟಕಿ, ಗೋಡೆಯ ಮೇಲಿನ ಫೋಟೋ ಚೌಕಟ್ಟುಗಳು ಒಂದು ದೇಶದ ಕೋಣೆಯಿಂದ ಇನ್ನೊಂದು ದೇಶದ ಕೋಣೆಗೆ ತೆರೆದುಕೊಳ್ಳುತ್ತವೆ.